ತುಕ್ಕು ಹಿಡಿದ ಸಾಮಾನಿಗೆ ಹುಳಿ ಸ್ನಾನ

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಇಕ್ಕಳ, ಸ್ಪ್ಯಾನರ್, ಚಿಲಕಗಳನ್ನು ಗುಜರಿಗೆ ಹಾಕುವ ಮುಂಚೆ ಸ್ಕ್ರೂಡ್ರೈವರ್ ತುದಿಯಿಂದ ಒಮ್ಮೆ ಕೆರೆದು ನೋಡಿ. ಕೆಂಪು ಪುಡಿ ಉದುರಿ ಕೆಳಗೆ ಗಟ್ಟಿ ಲೋಹ ಸಿಕ್ಕರೆ ಆ ಸಾಮಾನು ಉಳಿಯುತ್ತದೆ. ಹೊಪ್ಪಳೆಯಾಗಿ ಎದ್ದು ಬಂದು, ತುದಿ ಒಳಗೇ ಇಳಿದರೆ ಬಿಟ್ಟುಬಿಡಿ. ತುಕ್ಕು ಅಂದರೆ ಕಬ್ಬಿಣವೇ ನೀರು ಮತ್ತು ಆಮ್ಲಜನಕದ ಜೊತೆ ಸೇರಿ ಆದದ್ದು. ಹಾಗೆ ಹೋದ ಕಬ್ಬಿಣ ವಾಪಸ್ ಬರುವುದಿಲ್ಲ, ಗುಳಿಗಳು ಗುಳಿಗಳಾಗಿಯೇ ಇರುತ್ತವೆ.

ತುಕ್ಕು ಕಂಡ ಕೂಡಲೇ ಎಲ್ಲರ ಕೈ ಹೋಗುವುದು ಸ್ಯಾಂಡ್‌ಪೇಪರಿಗೆ. ಚಪ್ಪಟೆ ಜಾಗಕ್ಕೆ ಅದು ಸರಿ. ಆದರೆ ಬೋಲ್ಟಿನ ಸುರುಳಿ ಗೆರೆಗಳಿಗೆ, ಇಕ್ಕಳದ ಹಲ್ಲಿನ ಸಂದಿಗೆ ಅದು ಹೋಗಲ್ಲ. ಜೊತೆಗೆ ಒಳ್ಳೆಯ ಲೋಹವನ್ನೂ ಕೆರೆದು ತೆಗೆಯುತ್ತದೆ. ಸಣ್ಣ ಸಾಮಾನಿಗೆ ನನ್ನ ಆಯ್ಕೆ ಹುಳಿ ನೀರಿನಲ್ಲಿ ನೆನೆಸುವುದೇ.

ಮೊದಲು ಬಿಚ್ಚಿ, ತೊಳೆಯಿರಿ

ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಮತ್ತೆ ಜೋಡಿಸುವಾಗ ಬೇಕಾಗುತ್ತದೆ. ನಟ್ಟು ಬಿಗಿದುಕೊಂಡಿದ್ದರೆ ಗುದ್ದಾಡಬೇಡಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಅದಕ್ಕೇ ಆ ಬಿಗಿ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಬೆಳಿಗ್ಗೆ ಸುತ್ತಲೂ ಮೆಲ್ಲಗೆ ತಟ್ಟಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿ.

ನಂತರ ಪಾತ್ರೆ ತೊಳೆಯುವ ಸೋಪಿನಿಂದ ಜಿಡ್ಡೆಲ್ಲ ಹೋಗುವಂತೆ ಉಜ್ಜಿ ತೊಳೆಯಿರಿ. ಎಣ್ಣೆ ಇದ್ದ ಕಡೆ ಹುಳಿ ತಾಗುವುದೇ ಇಲ್ಲ, ಅಲ್ಲಲ್ಲಿ ತುಕ್ಕು ಹಾಗೇ ಉಳಿಯುತ್ತದೆ.

ಹುಳಿ ನೀರು

ಒಂದು ಲೀಟರ್ ಬಿಸಿ ನೀರಿಗೆ ಸುಮಾರು 50 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ, ಅಂದರೆ ನಿಂಬೆ ಉಪ್ಪು, ಕರಗಿಸಿ. ವಿನೆಗರ್ ಆದರೂ ನಡೆಯುತ್ತದೆ, ನೀರು ಬೆರೆಸದೆ ಹಾಕಿ. ವಾಸನೆ ಮಾತ್ರ ಸಹಿಸಿಕೊಳ್ಳಬೇಕು. ಪಾತ್ರೆ ಪ್ಲಾಸ್ಟಿಕ್ ಅಥವಾ ಗಾಜಿನದಿರಲಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಬ್ಲೀಚ್ ಹತ್ತಿರವೂ ಬರಬಾರದು: ಹುಳಿಯ ಜೊತೆ ಸೇರಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಸಾಮಾನು ಪೂರ್ತಿ ಮುಳುಗಬೇಕು. ಅರ್ಧ ಹೊರಗಿದ್ದರೆ ನೀರಿನ ಮಟ್ಟದಲ್ಲೊಂದು ಗೆರೆ ಕೊರೆದಂತೆ ಉಳಿದುಬಿಡುತ್ತದೆ. ಗಂಟೆಗೊಮ್ಮೆ ತೆಗೆದು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ನೀರು ಹಳದಿಯಾಗಿ, ತುಕ್ಕು ಕಪ್ಪು ಮಸಿಯಂತೆ ಬೆರಳಿಗೆ ಹತ್ತಿದರೆ ಕೆಲಸ ಸರಿಯಾಗಿ ನಡೆದಿದೆ ಎಂದರ್ಥ. ತೆಳು ತುಕ್ಕಿಗೆ ಕೆಲವೇ ಗಂಟೆ, ದಪ್ಪ ತುಕ್ಕಿಗೆ ಒಂದು ರಾತ್ರಿ ಬೇಕಾಗಬಹುದು. ಆದರೆ ‘ಇರಲಿ, ಇನ್ನೊಂದು ದಿನ’ ಅಂತ ಸುಮ್ನೆ ಬಿಡಬೇಡಿ. ತುಕ್ಕು ಹೋಗಿ ಬರಿಯ ಲೋಹದಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಹುಳಿ ಈಗ ಕಬ್ಬಿಣವನ್ನೇ ತಿನ್ನುತ್ತಿದೆ. ತಕ್ಷಣ ತೆಗೆಯಿರಿ.

ಸತುವಿನ ಲೇಪವಿರುವ ಸಾಮಾನು, ಅಲ್ಯೂಮಿನಿಯಂ ಭಾಗಗಳನ್ನು ಇದರಲ್ಲಿ ಹಾಕಬೇಡಿ. ಸತು ಬುಸುಬುಸು ನೊರೆಯೆದ್ದು ಕರಗಿಹೋಗುತ್ತದೆ. ಗಟ್ಟಿ ಉಕ್ಕಿನ ಸ್ಪ್ರಿಂಗುಗಳನ್ನೂ ಹೊರಗಿಡಿ. ಆಮ್ಲದಲ್ಲಿ ಹುಟ್ಟುವ ಹೈಡ್ರೋಜನ್ ಅವುಗಳ ಒಳಗೆ ಸೇರಿ, ಮುಂದೊಂದು ದಿನ ಭಾರ ಬಿದ್ದಾಗ ಪಟ್ಟನೆ ಮುರಿಯಬಹುದು. ಅವಕ್ಕೆ ವೈರ್ ಬ್ರಷ್ಷೇ ಸಾಕು.

ಈ ಹತ್ತು ನಿಮಿಷ ಫೋನ್ ತೆಗೆಯಬೇಡಿ

ಹೆಚ್ಚಿನವರು ಎಡವುವುದು ಇಲ್ಲಿ. ಹುಳಿಯಿಂದ ಹೊರಬಂದ ಕಬ್ಬಿಣಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ. ಒದ್ದೆಯಾಗಿಯೇ ಮೇಜಿನ ಮೇಲಿಟ್ಟರೆ ನೋಡನೋಡುತ್ತಲೇ ಅರಿಶಿನ ಬಣ್ಣದ ಪೊರೆ ಕಟ್ಟುತ್ತದೆ. ಅದಕ್ಕೇ ಬಟ್ಟೆ, ಎಣ್ಣೆ ಎಲ್ಲ ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಂಡಿರಿ. ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಅದರಲ್ಲಿ ಅದ್ದಿ, ಉಳಿದ ಹುಳಿ ಸಾಯಲಿ. ಆಮೇಲೆ ಚೆನ್ನಾಗಿ ಬಿಸಿಯಾದ ನೀರಿನಲ್ಲಿ ತೊಳೆಯಿರಿ. ಲೋಹವೇ ಬಿಸಿಯಾಗುವುದರಿಂದ ಬೇಗ ಒಣಗುತ್ತದೆ. ಬಟ್ಟೆಯಲ್ಲಿ ಒರೆಸಿ, ಸಂದಿಗಳಿಗೆ ಹೇರ್ ಡ್ರೈಯರ್ ಹಿಡಿಯಿರಿ. ಬಿಸಿ ಆರುವ ಮೊದಲೇ ಮಷಿನ್ ಆಯಿಲ್ ಸವರಿ. ಅಡುಗೆ ಎಣ್ಣೆ ಬೇಡ, ದಿನ ಕಳೆದಂತೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಬಣ್ಣ ಹಚ್ಚುವುದಾದರೆ ಮಾತ್ರ ಎಣ್ಣೆ ಬಿಟ್ಟು, ಒಣಗಿದ ಕೂಡಲೇ ಪ್ರೈಮರ್ ಹೊಡೆಯಿರಿ.

ನೆನೆಸಲಾಗದಷ್ಟು ದೊಡ್ಡದಿದ್ದರೆ? ವಿನೆಗರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಒಣಗದಂತೆ ನೋಡಿಕೊಳ್ಳಿ. ಇಲ್ಲವೇ ವೈರ್ ಬ್ರಷ್, ಆಮೇಲೆ 80ನೇ ನಂಬರಿನ ಒರಟು ಸ್ಯಾಂಡ್‌ಪೇಪರಿನಿಂದ ಶುರು ಮಾಡಿ ನಯವಾದ 240ಕ್ಕೆ ಬನ್ನಿ. ಹಳೇ ಬಣ್ಣ ಇದ್ದರೆ ಒಣಗಿದ್ದಾಗ ಉಜ್ಜಬೇಡಿ. ಅದರಲ್ಲಿ ಸೀಸ ಇದ್ದಿರಬಹುದು, ಆ ಧೂಳು ಎದೆಗೆ ಹೋಗಬಾರದು ಅಲ್ವಾ?

ವಾರ ಬಿಟ್ಟು ಸಂದಿಗಳನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಎಲ್ಲಾದರೂ ಕೆಂಪು ಚುಕ್ಕೆ ಕಂಡರೆ ಮತ್ತೆ ಹುಳಿ ನೀರು ಬೇಡ, ಎಣ್ಣೆಯಲ್ಲಿ ಅದ್ದಿದ, ಉಕ್ಕಿನ ನವಿರಾದ ಎಳೆಗಳ ಉಂಡೆಯಾದ ಸ್ಟೀಲ್ ವುಲ್‌ನಿಂದ ಉಜ್ಜಿದರೆ ಸಾಕು.