ಶಾಂಪೇನಿನ ರುಚಿ ನೋಡುವ ಬಗೆ

ಬಿರಡೆ ಹಾರುವ ಸದ್ದು ಮತ್ತು ಉಕ್ಕುವ ನೊರೆಗೇ ಹಲವರ ಶಾಂಪೇನ್ ಪರಿಚಯ ಮುಗಿದುಹೋಗುತ್ತದೆ. ಆದರೆ ಅದು ಮೊದಲಿಗೆ ವೈನ್, ನೊರೆ ಆಮೇಲಿನದು. ಲೋಟದಲ್ಲಿ ನಮಗೆ ಸಿಗುವ ಪರಿಮಳದ ಬಹುಪಾಲು ನೆಲಮಾಳಿಗೆಯ ಕತ್ತಲಲ್ಲಿ, ಮುಚ್ಚಿದ ಬಾಟಲಿಯೊಳಗೆ ವರ್ಷಗಟ್ಟಲೆ ಕೂಡಿಬಂದದ್ದು. ಹೀಗಾಗಿ ಅದು ಅಲ್ಲಿ ಹೇಗೆ ತಯಾರಾಯಿತು ಎಂಬುದನ್ನು ತಿಳಿದುಕೊಂಡರೆ ರುಚಿ ನೋಡುವ ಕೆಲಸ ಅರ್ಧ ಮುಗಿದಂತೆ.

ಫ್ರಾನ್ಸಿನ ಈಶಾನ್ಯದಲ್ಲಿ, ರೀಮ್ಸ್ ಮತ್ತು ಎಪರ್ನೇ ಪಟ್ಟಣಗಳ ಸುತ್ತ ಹಬ್ಬಿರುವ ಶಾಂಪೇನ್ ಪ್ರಾಂತದಲ್ಲಿ ಚಳಿ ಹೆಚ್ಚು. ಅಲ್ಲಿ ದ್ರಾಕ್ಷಿ ನಿಧಾನವಾಗಿ ಹಣ್ಣಾಗುವುದರಿಂದ ಹುಳಿ ಉಳಿದುಕೊಳ್ಳುತ್ತದೆ, ಈ ವೈನಿನ ಬೆನ್ನೆಲುಬೇ ಆ ಹುಳಿ. ಹಿಂದೆ ಚಳಿಗಾಲದಲ್ಲಿ ಅರ್ಧಕ್ಕೆ ನಿಂತ ಹುದುಗುವಿಕೆ ವಸಂತದಲ್ಲಿ ಮತ್ತೆ ಶುರುವಾಗಿ ಬಾಟಲಿಗಳು ಒಡೆದುಹೋಗುತ್ತಿದ್ದವು. ಗುಳ್ಳೆಗಳನ್ನು ಕಂಡುಹಿಡಿದವರು ಎಂದು ಓವಿಲೇರ್ ಮಠದ ಸನ್ಯಾಸಿ ಡೋಮ್ ಪೆರಿನ್ಯೋನ್ ಅವರನ್ನು ಇಂದಿಗೂ ಹೊಗಳುವುದುಂಟು. ಅದು ಚೆಂದದ ಕತೆಯೇ ಹೊರತು ಚರಿತ್ರೆಯಲ್ಲ. ಬೇರೆ ಬೇರೆ ತೋಟಗಳ ದ್ರಾಕ್ಷಿಯನ್ನು ಹದವರಿತು ಬೆರೆಸಿದ್ದು ಅವರ ನಿಜವಾದ ಕೊಡುಗೆ. ಸಕ್ಕರೆ ಬೆರೆಸಿ ವೈನಿನಲ್ಲಿ ನೊರೆ ಬರಿಸುವ ರೂಢಿಯನ್ನು ಇಂಗ್ಲೆಂಡಿನ ವೈದ್ಯ ಕ್ರಿಸ್ಟೋಫರ್ ಮೆರೆಟ್ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಮುಂದೆ 1662ರಲ್ಲೇ ವಿವರಿಸಿದ್ದರು. ವೈನನ್ನು ಬಾಟಲಿಯಲ್ಲಿ ಸಾಗಿಸಲು ಫ್ರಾನ್ಸಿನ ದೊರೆ ಹದಿನೈದನೇ ಲೂಯಿ 1728ರಲ್ಲಿ ಅನುಮತಿ ಕೊಟ್ಟ ಮರುವರ್ಷವೇ ಶಾಂಪೇನ್ ತಯಾರಿಸುವ ರುಯಿನಾರ್ ಸಂಸ್ಥೆ ಹುಟ್ಟಿತು.

ಇಂದಿನ ವಿಧಾನದಲ್ಲಿ, ತಯಾರಾದ ವೈನಿಗೆ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಬಾಟಲಿಯನ್ನು ಮುಚ್ಚುತ್ತಾರೆ. ಒಳಗೆ ಎರಡನೇ ಸಲ ಹುದುಗುವಾಗ ಹುಟ್ಟುವ ಅನಿಲ ಹೊರಹೋಗಲಾರದೆ ವೈನಿನಲ್ಲೇ ಕರಗಿ, ಒತ್ತಡ ಸುಮಾರು ಆರು ವಾಯುಭಾರದಷ್ಟು, ಅಂದರೆ ಹೊರಗಿನ ಗಾಳಿಯ ಒತ್ತಡದ ಆರು ಪಟ್ಟು ಆಗುತ್ತದೆ. ಕೆಲಸ ಮುಗಿಸಿ ಸತ್ತ ಯೀಸ್ಟ್ ಗಸಿಯಾಗಿ ತಳದಲ್ಲಿ ನಿಂತು, ನಿಧಾನವಾಗಿ ಕರಗುತ್ತ ವೈನಿಗೆ ಬ್ರೆಡ್ಡಿನ ಪರಿಮಳವನ್ನು ಕೊಡುತ್ತದೆ. ಈ ಗಸಿಯನ್ನು ಬಾಟಲಿಯ ಕುತ್ತಿಗೆಗೆ ಇಳಿಸಿ ತೆಗೆಯುವ ಉಪಾಯವನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ರೂಪಿಸಿದ್ದು, ಇಪ್ಪತ್ತೇಳನೇ ವಯಸ್ಸಿನಲ್ಲೇ ವಿಧವೆಯಾಗಿ ವ್ಯಾಪಾರ ವಹಿಸಿಕೊಂಡ ಮದಾಂ ಕ್ಲಿಕೋ ಅವರ ನೆಲಮಾಳಿಗೆಯಲ್ಲಿ.

ಕೊಳ್ಳುವಾಗ ಲೇಬಲ್ಲನ್ನು ಓದಿ. ವರ್ಷ ನಮೂದಿಸಿದ್ದರೆ ಅದು ಒಂದೇ ಸುಗ್ಗಿಯ ವೈನ್ ಮತ್ತು ಕನಿಷ್ಠ ಮೂರು ವರ್ಷ ಮಾಗಿದ್ದು. ಇಲ್ಲದಿದ್ದರೆ ಹಲವು ಸುಗ್ಗಿಗಳ ಮಿಶ್ರಣ, ಕನಿಷ್ಠ 15 ತಿಂಗಳು. ‘ಬ್ರೂಟ್’ ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ‘ಡೆಮಿ ಸೆಕ್’ ಎಂದರೆ 32ರಿಂದ 50 ಗ್ರಾಂ. ವೈನಿನ ಭಾಷೆಯಲ್ಲಿ ‘ಡ್ರೈ’ ಎಂದರೆ ಸಿಹಿಯಿಲ್ಲದ್ದು, ಆದರೆ ‘ಎಕ್ಸ್‌ಟ್ರಾ ಡ್ರೈ’ ಎಂಬ ಹೆಸರನ್ನು ನಂಬಿ ಮೋಸಹೋಗಬೇಡಿ, ಅದು ಬ್ರೂಟ್‌ಗಿಂತ ಸಿಹಿ.

ಬಾಟಲಿಯನ್ನು ಮಂಜುಗಡ್ಡೆ ಮತ್ತು ನೀರು ಬೆರೆಸಿದ ಪಾತ್ರೆಯಲ್ಲಿ ಅರ್ಧ ಗಂಟೆ ಇಟ್ಟರೆ 8ರಿಂದ 10 ಡಿಗ್ರಿಗೆ ಇಳಿಯುತ್ತದೆ. ಅದಕ್ಕಿಂತ ತಣ್ಣಗಾದರೆ ಪರಿಮಳ ಮುದುಡಿಕೊಳ್ಳುತ್ತದೆ. ತಂತಿಯ ಮುಸುಕನ್ನು ಸಡಿಲಿಸಿದ ಕ್ಷಣದಿಂದ ಬಿರಡೆಯ ಮೇಲಿನ ಹೆಬ್ಬೆರಳನ್ನು ತೆಗೆಯಬೇಡಿ, ಬಾಟಲಿಯ ಬಾಯಿ ಯಾರ ಕಡೆಗೂ ತಿರುಗದಿರಲಿ. ಬಾಟಲಿಯನ್ನು ಓರೆಯಾಗಿ ಹಿಡಿದು, ಬಿರಡೆಯನ್ನು ಅಲುಗಿಸದೆ ಬುಡವನ್ನು ಮೆಲ್ಲಗೆ ತಿರುಗಿಸಿ. ಬಿರಡೆ ತಾನಾಗಿ ಮೇಲೇರತೊಡಗಿದಾಗ ಅದನ್ನು ಬಿಟ್ಟುಕೊಡದೆ ಅಂಗೈಯಿಂದ ಒತ್ತಿ ಹಿಡಿಯಿರಿ. ಆಗ ‘ಢಂ’ ಎನ್ನದೆ ನಿಟ್ಟುಸಿರಿನಂತೆ ಸುಯ್ಯೆಂದು ತೆರೆದುಕೊಳ್ಳುತ್ತದೆ.

ಲೋಟದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ತಟ್ಟೆಯಂಥ ಅಗಲದ ಲೋಟದಲ್ಲಿ ಗುಳ್ಳೆಯೂ ಪರಿಮಳವೂ ಬೇಗ ಹಾರಿಹೋಗುತ್ತವೆ, ಕೊಳವೆಯಂಥ ಸಣ್ಣ ಲೋಟದಲ್ಲಿ ಮೂಗಿಗೆ ಜಾಗವೇ ಇಲ್ಲ. ನಡು ಉಬ್ಬಿ ಬಾಯಿ ಕಿರಿದಾದ, ಟ್ಯೂಲಿಪ್ ಆಕಾರದ ಲೋಟವೇ ಸರಿ. ಗುಳ್ಳೆಗಳ ಸಾಲು ನೋಡಿ ವೈನಿನ ಗುಣ ಅಳೆಯುವುದು ವ್ಯರ್ಥ, ಏಕೆಂದರೆ ಅವು ಹುಟ್ಟುವುದು ಹೆಚ್ಚಾಗಿ ಲೋಟದ ಒಳಮೈಗೆ ಅಂಟಿಕೊಂಡ, ಕಣ್ಣಿಗೆ ಕಾಣದಷ್ಟು ಸಣ್ಣ ಬಟ್ಟೆಯ ಎಳೆಗಳಿಂದ. ಸಾಬೂನಿನ ಅಂಶ ಉಳಿದಿದ್ದರೆ ಎಂಥ ವೈನಿನ ನೊರೆಯೂ ಕುಗ್ಗುತ್ತದೆ.

ಅರ್ಧ ಲೋಟ ಸುರಿದು ಮೊದಲು ಮೂಸಿ. ನಿಂಬೆ, ಹಸಿರು ಸೇಬು, ಬಿಳಿ ಹೂವಿನ ವಾಸನೆ ಮುಂದೆ ಬಂದರೆ ಶಾರ್ಡೊನೆ ದ್ರಾಕ್ಷಿಯ ಪಾಲು ಹೆಚ್ಚಿರಬಹುದು. ಕೆಂಪು ಹಣ್ಣಿನ ನೆನಪು ತರುವ, ಬಾಯಿ ತುಂಬುವ ಗುಣ ಪಿನೊ ನುವಾರ್ ಎಂಬ ಕಪ್ಪು ದ್ರಾಕ್ಷಿಯದು. ಮ್ಯೂನಿಯೆ ದ್ರಾಕ್ಷಿ ಮೃದುವಾದ ಹಣ್ಣಿನ ಸೊಗಡು ಕೊಡುತ್ತದೆ. ಅದರ ಹಿಂದೆ ಸುಟ್ಟ ಬ್ರೆಡ್, ಬಿಸ್ಕತ್ತು, ಬೆಣ್ಣೆಯ ಪರಿಮಳವಿದ್ದರೆ ಅದು ಯೀಸ್ಟಿನ ಕೊಡುಗೆ. ಬಾದಾಮಿ, ಜೇನು, ಒಣಹಣ್ಣುಗಳು ಕಾಣಿಸಿಕೊಂಡರೆ ವಯಸ್ಸು ಮಾತಾಡುತ್ತಿದೆ ಎಂದರ್ಥ. ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಬಿರಡೆ ಕೆಟ್ಟಿದೆ, ಬಾಟಲಿಯನ್ನು ಬದಲಿಸಿಕೊಳ್ಳಿ.

ಗುಟುಕನ್ನು ತಕ್ಷಣ ನುಂಗದೆ ನಾಲಗೆಯ ಮೇಲೆ ಹೊರಳಿಸಿ. ಒಳ್ಳೆಯ ಶಾಂಪೇನಿನ ನೊರೆ ಚುಚ್ಚುವುದಿಲ್ಲ, ಕೆನೆಯಂತೆ ಹರಡಿಕೊಳ್ಳುತ್ತದೆ. ಹುಳಿ ಬಾಯಲ್ಲಿ ನೀರೂರಿಸುತ್ತದೆ. ನುಂಗಿದ ಮೇಲೂ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಗಮನಿಸಿ. ಬರೀ ಶಾರ್ಡೊನೆಯಿಂದ ಮಾಡಿದ ‘ಬ್ಲಾಂ ದ ಬ್ಲಾಂ’ ಮತ್ತು ಕಪ್ಪು ದ್ರಾಕ್ಷಿಯ ‘ಬ್ಲಾಂ ದ ನುವಾರ್’ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸವಿದರೆ ಒಂದೇ ಸಂಜೆಯಲ್ಲಿ ವ್ಯತ್ಯಾಸ ಮನವರಿಕೆಯಾಗುತ್ತದೆ.

ಬಾಟಲಿಯಲ್ಲಿ ವೈನ್ ಉಳಿದರೆ ಬಾಯಿಗೆ ಬೆಳ್ಳಿಯ ಚಮಚ ತೂಗಿಬಿಡುವ ಪದ್ಧತಿಯೊಂದಿದೆ, ಅದರಿಂದ ಏನೂ ಪ್ರಯೋಜನವಿಲ್ಲ. ಒತ್ತಡ ತಡೆಯುವ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಡಿ. ಮರುದಿನ ನೊರೆ ಕೊಂಚ ಇಳಿದಿರುತ್ತದೆ, ಮೊದಲ ದಿನ ಅದರ ಗದ್ದಲದಲ್ಲಿ ತಪ್ಪಿಹೋಗಿದ್ದ ಒಂದೆರಡು ಪರಿಮಳಗಳು ಆಗ ಸಿಗುತ್ತವೆ.