ಹತ್ತು ಉಗುರು, ಎರಡು ವಾರ: ನೇಲ್ ಪಾಲಿಶ್ ಪರೀಕ್ಷಿಸುವ ನನ್ನ ಕ್ರಮ

ನೇಲ್ ಪಾಲಿಶ್ ಹೇಗಿದೆ ಅನ್ನುವುದು ಹಚ್ಚಿದ ದಿನ ಗೊತ್ತಾಗುವುದಿಲ್ಲ. ಅವತ್ತು ಎಲ್ಲ ಬಾಟಲಿಯೂ ಚೆಂದವೇ. ಮೂರು ದಿನ ಪಾತ್ರೆ ತಿಕ್ಕಿ, ಕಾಯಿ ತುರಿದು, ಬಿಸಿ ಸಾರನ್ನ ಕಲಸಿ ಉಂಡಾದ ಮೇಲೆ ಬಲಗೈ ಹೆಬ್ಬೆರಳಿನ ಉಗುರು ತುದಿಯಲ್ಲಿ ಹೇಗಿದೆ ನೋಡಬೇಕು. ನಾನು ಹವ್ಯಾಸಕ್ಕೆ ಬಣ್ಣ ಹಚ್ಚಿ ವಿಮರ್ಶೆ ಬರೆಯುವಾಗ ಆ ತುದಿಗೇ ಹೆಚ್ಚು ಅಂಕ ಕೊಡುತ್ತೇನೆ. ಬೇರೆ ದೇಶದವರು ಹತ್ತು ದಿನ ಬಂತು ಎಂದು ಹೊಗಳಿದ ಬಣ್ಣ ನಮ್ಮ ಅಡುಗೆಮನೆಯಲ್ಲಿ ನಾಲ್ಕನೇ ದಿನಕ್ಕೇ ಚಕ್ಕೆ ಏಳುವುದುಂಟು. ಅವರ ಕೈ ಮಾಡುವ ಕೆಲಸ ಬೇರೆ, ನಮ್ಮ ಕೈ ಮಾಡುವ ಕೆಲಸ ಬೇರೆ. ಹಾಗಾಗಿ ನಮ್ಮ ಕೈಗೆ ನಮ್ಮದೇ ಪರೀಕ್ಷೆ ಬೇಕು.

ಒಂದೇ ಬಣ್ಣವನ್ನು ಹತ್ತೂ ಉಗುರಿಗೆ ಹಚ್ಚಿದರೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಆ ವಾರ ಮನೆಗೆಲಸ ಹೆಚ್ಚಾಗಿ ಬಣ್ಣ ಹೋಯಿತೋ, ಬಣ್ಣವೇ ಕಳಪೆಯೋ ಹೇಳಲಾಗದು. ಅದಕ್ಕೆ ನಾನು ಚೆನ್ನಾಗಿ ಬಲ್ಲ ಒಂದು ಹಳೆಯ ಬಾಟಲಿಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಎಡಗೈಯ ಹೆಬ್ಬೆರಳು, ನಡುಬೆರಳು, ಕಿರುಬೆರಳಿಗೆ ಹೊಸ ಬಣ್ಣ. ತೋರುಬೆರಳು, ಉಂಗುರಬೆರಳಿಗೆ ಹಳೆಯದು. ಬಲಗೈಗೆ ಇದನ್ನೇ ತಿರುಗುಮುರುಗು ಮಾಡುತ್ತೇನೆ. ಎರಡನೇ ವಾರ ಹತ್ತೂ ಬೆರಳು ಅದಲುಬದಲು. ಉಣ್ಣುವ, ಪಾತ್ರೆ ತಿಕ್ಕುವ ಬಲಗೈಯಲ್ಲಿ ಸವೆತ ಹೆಚ್ಚು, ಅದರಲ್ಲೂ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ. ಈ ಅದಲುಬದಲು ಇಲ್ಲದಿದ್ದರೆ ಬಲ ಹೆಬ್ಬೆರಳಿಗೆ ಬಿದ್ದ ಬಣ್ಣಕ್ಕೆ ಅನ್ಯಾಯವಾಗುತ್ತದೆ. ಬಣ್ಣದ ಕೆಳಗೆ ಹಚ್ಚುವ ಬೇಸ್ ಕೋಟ್, ಮೇಲೆ ಹಚ್ಚುವ ಟಾಪ್ ಕೋಟ್ ಹತ್ತಕ್ಕೂ ಒಂದೇ. ನೋಡಲು ಎರಡು ಬಣ್ಣದ ಕೈ ವಿಚಿತ್ರವಾಗಿ ಕಾಣಬಾರದು ಎಂದಿದ್ದರೆ ಒಂದಕ್ಕೊಂದು ಹೊಂದುವ ಬಣ್ಣ ಆರಿಸಿಕೊಂಡರಾಯಿತು.

ಹಚ್ಚುವ ಮುಂಚಿನ ಕೆಲಸದಲ್ಲೇ ಅರ್ಧ ಫಲಿತಾಂಶ ನಿರ್ಧಾರವಾಗಿಬಿಡುತ್ತದೆ. ಉಗುರು ನೀರು ಕುಡಿದರೆ ಸ್ವಲ್ಪ ಅಗಲಿಸುತ್ತದೆ, ಒಣಗಿದಾಗ ಮತ್ತೆ ಕುಗ್ಗುತ್ತದೆ; ಮೇಲಿನ ಬಣ್ಣದ ಪೊರೆ ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ಸ್ನಾನ ಮುಗಿಸಿ ಬಂದು ತಕ್ಷಣ ಹಚ್ಚಿದ ಬಣ್ಣ ಬೇಗ ಎದ್ದು ಬರುವುದು ಇದರಿಂದಲೇ. ಸ್ನಾನ ಅಥವಾ ಪಾತ್ರೆ ಆದ ಮೇಲೆ ಕನಿಷ್ಠ ಒಂದು ಗಂಟೆ ಬಿಡಬೇಕು. ತುದಿಯನ್ನು ನಯವಾದ ಫೈಲಿನಿಂದ ಒಂದೇ ದಿಕ್ಕಿಗೆ ಉಜ್ಜುತ್ತೇನೆ, ಗರಗಸದ ಹಾಗೆ ಹಿಂದೆ ಮುಂದೆ ಎಳೆದರೆ ಉಗುರಿನ ಪದರ ಬಿಡುತ್ತದೆ. ಉಗುರಿನ ಬುಡದಲ್ಲಿ ಅಂಟಿಕೊಂಡ ತೆಳು ಚರ್ಮವನ್ನು ಹಿಂದಕ್ಕೆ ತಳ್ಳಬೇಕು; ಅದರ ಮೇಲೆ ಕೂತ ಬಣ್ಣ ಮೊದಲು ಏಳುತ್ತದೆ.

ಆಮೇಲೆ ರಿಮೂವರ್‌ನಿಂದ ಜಿಡ್ಡು ತೆಗೆಯುವುದು. ಇಲ್ಲಿ ಒಂದು ಮಾತು ಹೇಳಲೇಬೇಕು. ಹಲವು ರಿಮೂವರ್‌ಗಳಲ್ಲಿ ಚರ್ಮ ಒಣಗದಿರಲಿ ಎಂದು ಎಣ್ಣೆ ಅಥವಾ ಗ್ಲಿಸರಿನ್ ಸೇರಿಸಿರುತ್ತಾರೆ. ಹಳೆಯ ಬಣ್ಣ ತೆಗೆಯಲು ಅದು ಒಳ್ಳೆಯದು, ಹೊಸ ಬಣ್ಣಕ್ಕೆ ಉಗುರು ಸಿದ್ಧ ಮಾಡಲು ಕೆಟ್ಟದ್ದು. ಹಳೆಯ ಫೋಟೊ ಫ್ರೇಮಿನ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಪೂರ್ತಿ ಆರಿದ ಮೇಲೆ ಗಾಜನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ಏನೂ ಉಳಿಯದಿದ್ದರೆ ಸರಿ. ಜಿಡ್ಡಿನ ಉಂಗುರ ಕಂಡರೆ ಅದನ್ನು ಈ ಕೆಲಸಕ್ಕೆ ಬಳಸಬೇಡಿ. ಒರೆಸಲು ಹತ್ತಿಗಿಂತ ಹಳೆ ಕಾಟನ್ ಸೀರೆಯ ತುಂಡು ಮೇಲು, ಎಳೆ ಅಂಟುವುದಿಲ್ಲ. ರಿಮೂವರ್‌ನಲ್ಲಿರುವ ಅಸಿಟೋನ್ ಆಗಲಿ ಪಾಲಿಶ್ ಆಗಲಿ ಬೆಂಕಿಗೆ ಥಟ್ಟನೆ ಹೊತ್ತಿಕೊಳ್ಳುವಂಥವು. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಇರುವ ಕೋಣೆಯಲ್ಲಿ ಕೂರಬಾರದು. ಕಿಟಕಿ ತೆರೆದಿರಲಿ.

ಬಾಟಲಿಯನ್ನು ಮೇಲೆ ಕೆಳಗೆ ಕುಲುಕಬೇಡಿ, ಗಾಳಿ ಸೇರಿ ಗುಳ್ಳೆಯಾಗುತ್ತದೆ. ಚಪಾತಿ ಹಿಟ್ಟಿನ ಉಂಡೆ ಮಾಡುವ ಹಾಗೆ ಎರಡು ಅಂಗೈ ನಡುವೆ ಅರ್ಧ ನಿಮಿಷ ಹೊರಳಿಸಿದರೆ ಸಾಕು. ಕುಂಚದ ಒಂದು ಬದಿಯನ್ನು ಬಾಟಲಿಯ ಕತ್ತಿಗೆ ಒರೆಸಿ, ಇನ್ನೊಂದು ಬದಿಯ ತುದಿಯಲ್ಲಿ ಒಂದೇ ಹನಿ ಉಳಿಸಿಕೊಳ್ಳುತ್ತೇನೆ. ಬುಡದಿಂದ ಕೂದಲೆಳೆಯಷ್ಟು ಜಾಗ ಬಿಟ್ಟು ನಡುವೆ ಒಂದು ಎಳೆತ, ಎಡಕ್ಕೊಂದು, ಬಲಕ್ಕೊಂದು. ಕೊನೆಗೆ ಕುಂಚವನ್ನು ಉಗುರಿನ ತುದಿಯ ಅಂಚಿಗೆ ಅಡ್ಡಲಾಗಿ ಸವರಿ ಅಂಚನ್ನೂ ಮುಚ್ಚಬೇಕು. ಈ ಅಂಚು ಮುಚ್ಚುವುದನ್ನು ಬಹಳ ಜನ ಬಿಡುತ್ತಾರೆ. ನೀರು ನುಗ್ಗುವುದು ಅಲ್ಲಿಂದಲೇ. ಬೇಸ್ ಕೋಟ್ ಆಗಿ ಮೂರು ನಿಮಿಷಕ್ಕೆ ಮೊದಲ ಕೋಟ್, ಮತ್ತೆ ಮೂರು ನಿಮಿಷಕ್ಕೆ ಎರಡನೆಯದು, ಐದು ನಿಮಿಷ ಬಿಟ್ಟು ಟಾಪ್ ಕೋಟ್. ಟಾಪ್ ಕೋಟ್ ಹಚ್ಚುವಾಗ ಮಾತ್ರ ಕುಂಚದಲ್ಲಿ ಧಾರಾಳವಾಗಿ ತೆಗೆದುಕೊಂಡು ತೇಲಿಸಬೇಕು, ಒತ್ತಿದರೆ ಕೆಳಗಿನ ಬಣ್ಣವೂ ಎಳೆದು ಬರುತ್ತದೆ.

ಎಷ್ಟು ಕೋಟ್ ಹಾಕಿದರೆ ಬಣ್ಣ ಮುಚ್ಚುತ್ತದೆ ಅನ್ನುವುದನ್ನು ಉಗುರಿನ ಮೇಲೆ ನಾನು ಅಳೆಯುವುದಿಲ್ಲ. ದಿನಪತ್ರಿಕೆಯ ದಪ್ಪ ಕಪ್ಪು ತಲೆಬರಹದ ಮೇಲೆ ಅದೇ ಫೋಟೊ ಗಾಜನ್ನಿಟ್ಟು, ಉಗುರಿನಷ್ಟು ಅಗಲದ ಮೂರು ಪಟ್ಟಿ ಎಳೆಯುತ್ತೇನೆ: ಮೊದಲನೆಯದಕ್ಕೆ ಒಂದು ಕೋಟ್, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಅಕ್ಷರ ಎಲ್ಲಿ ಮಾಯವಾಗುತ್ತದೋ ಅಷ್ಟು ಕೋಟ್ ಬೇಕು. ‘ಕ್ರೀಮ್’ ಅಂದರೆ ಮಿನುಗಿಲ್ಲದ ಗಟ್ಟಿ ಬಣ್ಣ; ಅದು ಒಳ್ಳೆಯದಾಗಿದ್ದರೆ ಎರಡನೇ ಪಟ್ಟಿಗೇ ತಲೆಬರಹ ಅಳಿಸಿಹೋಗುತ್ತದೆ. ಬೆಳಕು ಹಾಯುವ ‘ಜೆಲ್ಲಿ’ ಬಣ್ಣದಲ್ಲಿ ಮೂರನೆಯದರಲ್ಲೂ ‘ಕ’ದ ಸುಳಿ ಮಸುಕಾಗಿ ಕಾಣುತ್ತಿರುತ್ತದೆ, ಅದು ದೋಷವಲ್ಲ, ಅದರ ಗುಣವೇ ಹಾಗೆ. ತಿಳಿ ಗುಲಾಬಿ, ಬಿಳಿ ಬಣ್ಣಗಳು ಇಲ್ಲಿ ಸಿಕ್ಕಿಬೀಳುತ್ತವೆ, ಕುಂಚದ ಗೀರುಗಳೆಲ್ಲ ಕಪ್ಪು ಅಕ್ಷರದ ಮೇಲೆ ಎದ್ದು ತೋರುತ್ತವೆ. ಗಾಜನ್ನು ಅಸಿಟೋನ್‌ನಲ್ಲಿ ಒರೆಸಿ ಮತ್ತೆ ಬಳಸಬಹುದು. ಬಣ್ಣದ ಮಾದರಿಗೆ ಅಂತ ಮಾರುವ ಪ್ಲಾಸ್ಟಿಕ್ ಕಡ್ಡಿಗಳನ್ನು ಹಾಗೆ ಒರೆಸಲು ಹೋದರೆ ಕಡ್ಡಿಯೇ ಕರಗಿ ಅಂಟಂಟಾಗುತ್ತದೆ.

ಗುಳ್ಳೆಗಳ ಬಗ್ಗೆ ಬರುವಷ್ಟು ದೂರು ಬೇರೆ ಯಾವುದಕ್ಕೂ ಬರುವುದಿಲ್ಲ, ಅದರಲ್ಲಿ ಹೆಚ್ಚಿನ ಪಾಲು ತಲೆ ಮೇಲಿನ ಫ್ಯಾನಿನದು. ಪಾಲಿಶ್ ಅಂದರೆ ನೈಟ್ರೊಸೆಲ್ಯುಲೋಸನ್ನು ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್‌ನಂಥ ದ್ರಾವಕದಲ್ಲಿ ಕರಗಿಸಿ ಬಣ್ಣ ಸೇರಿಸಿದ್ದು. ದ್ರಾವಕ ಆರಿಹೋದ ಮೇಲೆ ಉಳಿಯುವ ಪೊರೆಯೇ ನಾವು ನೋಡುವ ಬಣ್ಣ. ಫ್ಯಾನಿನ ಗಾಳಿಗೆ ಮೇಲ್ಮೈ ಮೊದಲು ಕೆನೆಗಟ್ಟುತ್ತದೆ. ಒಳಗಿನ ದ್ರಾವಕ ಹೊರಬರಲು ದಾರಿಯಿಲ್ಲದೆ ಆ ಕೆನೆಯನ್ನು ಉಬ್ಬಿಸುತ್ತದೆ. ದಪ್ಪ ಕೋಟ್ ಹಾಕಿದರೂ ಇದೇ ಕಥೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನ ಹಚ್ಚಿದರೆ ಫ್ಯಾನ್ ಇಲ್ಲದೆಯೂ ಗುಳ್ಳೆ ಬರುತ್ತದೆ, ಕುಂಚ ಎಳೆಯುವಷ್ಟರಲ್ಲಿ ಬಣ್ಣ ದಾರ ದಾರವಾಗುತ್ತದೆ. ಅಲ್ಲಿಯವರು ಬೆಳಗಿನ ತಂಪಿನಲ್ಲಿ ಹಚ್ಚುವುದೇ ಸರಿ. ಕರಾವಳಿಯ ಮಳೆಗಾಲದ್ದು ಇನ್ನೊಂದು ತೊಂದರೆ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಗಾಢ ಬಣ್ಣದ ಮೇಲೆ ಹಾಲಿನ ಕೆನೆಯಂಥ ಮಬ್ಬು ಬರುತ್ತದೆ. ಆ ಮಬ್ಬನ್ನು ಕಂಡು ಬಾಟಲಿ ಕೆಟ್ಟಿದೆ ಎಂದು ಬರೆಯಬಾರದು. ಒಣ ದಿನ ಇನ್ನೊಮ್ಮೆ ಹಚ್ಚಿ ನೋಡಿ ಬರೆಯಬೇಕು. ಹೀಗಾಗಿ ನನ್ನ ಪುಸ್ತಕದಲ್ಲಿ ಪ್ರತಿ ಪರೀಕ್ಷೆಯ ಪಕ್ಕ ಊರು, ತಿಂಗಳು, ಹೊತ್ತು, ಫ್ಯಾನ್ ಇತ್ತೋ ಇಲ್ಲವೋ ಇಷ್ಟೂ ಇರುತ್ತದೆ.

ಒಣಗುವ ಸಮಯವನ್ನು ಎರಡು ಸಲ ಅಳೆಯಬೇಕು. ಬೆರಳು ಸೋಕಿಸಿದರೆ ಅಂಟದಿರುವುದು ಒಂದು ಹಂತ, ಒತ್ತಿದರೆ ಗುರುತು ಬೀಳದಿರುವುದು ಇನ್ನೊಂದು. ಮೊದಲನೆಯದಕ್ಕೆ ಎರಡು ಕಿರುಬೆರಳ ಉಗುರನ್ನು ಮೆಲ್ಲಗೆ ತಾಗಿಸುತ್ತೇನೆ. ಎರಡನೆಯದಕ್ಕೆ ಆ ಪ್ಲಾಸ್ಟಿಕ್ ಮಾದರಿ ಕಡ್ಡಿಗಳ ಮೇಲೆ ಹಚ್ಚಿ 30, 60, 90 ನಿಮಿಷಕ್ಕೆ ಬೇರೆ ಬೇರೆ ಕಡ್ಡಿಗೆ ಮಡಿಸಿದ ಟವೆಲ್ ಒತ್ತುತ್ತೇನೆ. ‘60 ಸೆಕೆಂಡಿನಲ್ಲಿ ಒಣಗುತ್ತದೆ’ ಎಂದು ಬಾಟಲಿ ಮೇಲೆ ಇರುವುದು ಮೊದಲ ಹಂತದ ಮಾತು. ರಾತ್ರಿ ಹಚ್ಚಿ ಅರ್ಧ ಗಂಟೆಗೆ ಮಲಗಿದರೆ ಬೆಳಿಗ್ಗೆ ಹೊದಿಕೆಯ ನೇಯ್ಗೆ ಉಗುರಿನ ಮೇಲೆ ಅಚ್ಚಾಗಿರುತ್ತದೆ.

ಇನ್ನು ಏಳು ದಿನ ಕೈಯನ್ನು ಮಾಮೂಲಿನಂತೆ ಬಳಸುವುದು. ಕೈಗವಸು ಇಲ್ಲ, ಮೇಲೆ ಇನ್ನೊಂದು ಟಾಪ್ ಕೋಟ್ ಇಲ್ಲ. ದಿನಾ ಒಂದೇ ಕಿಟಕಿಯ ಬಳಿ, ಒಂದೇ ಹೊತ್ತಿಗೆ ಫೋಟೊ. ಸವೆತವನ್ನು ಮಿಲಿಮೀಟರಿನಲ್ಲಿ ಬರೆಯುತ್ತೇನೆ, ಚಕ್ಕೆಗಳನ್ನು ಎಣಿಸುತ್ತೇನೆ. ಅವರೆಕಾಯಿ ಕಾಲದಲ್ಲಿ ಪರೀಕ್ಷೆ ಬಿದ್ದರೆ ಬಲು ಕಠಿಣ: ಒಂದು ಕಿಲೋ ಕಾಯಿ ಸುಲಿದು ಬೇಳೆ ಹಿತಕುವಷ್ಟರಲ್ಲಿ ಹೆಬ್ಬೆರಳ ತುದಿ ಸಾಮಾನ್ಯವಾಗಿ ಮೂರು ದಿನಕ್ಕೆ ಸವೆಯುವಷ್ಟು ಸವೆಯುತ್ತದೆ. ರಂಗೋಲಿ ಪುಡಿಯೂ ಕಲ್ಲಿನ ಪುಡಿಯೇ, ಚಿಟಿಕೆ ಹಿಡಿಯುವ ಎರಡು ಬೆರಳಿನ ಹೊಳಪನ್ನು ಮೊದಲು ತಿನ್ನುತ್ತದೆ. ಈ ಕೆಲಸಗಳು ಇದ್ದ ದಿನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು.

ಬಣ್ಣ ಹೋದ ರೀತಿಯಲ್ಲೇ ಕಾರಣ ಇರುತ್ತದೆ. ತುದಿಯಿಂದ ಸಣ್ಣ ಚಕ್ಕೆಗಳಾಗಿ ಹೋದರೆ ಪೊರೆ ಪೆಡಸು, ಇಲ್ಲವೇ ಅಂಚು ಮುಚ್ಚಿಲ್ಲ. ಬುಡದಿಂದ ಇಡೀ ಹಾಳೆಯಾಗಿ ಎದ್ದುಬಂದರೆ ಕೆಳಗೆ ಜಿಡ್ಡೋ ತೇವವೋ ಇತ್ತು, ತಪ್ಪು ಹಚ್ಚಿದವರದು. ಚಕ್ಕೆ ಇಲ್ಲದೆ ತುದಿಯಲ್ಲಿ ಸಮನಾಗಿ ಗೆರೆಯಂತೆ ಸವೆದಿದ್ದರೆ ಅದು ಒಳ್ಳೆಯ ಬಣ್ಣ, ಅಷ್ಟು ಕೆಲಸಕ್ಕೆ ಅಷ್ಟು ಸವೆತ ನ್ಯಾಯವೇ. ಮೊದಲ ದಿನವೇ ತುದಿಯಲ್ಲಿ ಉಗುರು ಇಣುಕಿದರೆ ಬೇಗ ಒಣಗುವ ಟಾಪ್ ಕೋಟನ್ನು ಅನುಮಾನಿಸಿ, ಅದು ಕುಗ್ಗುತ್ತಾ ಕೆಳಗಿನ ಹಸಿ ಬಣ್ಣವನ್ನೂ ಹಿಂದಕ್ಕೆಳೆದಿರುತ್ತದೆ.

ಅರಿಶಿನದ ಪರೀಕ್ಷೆ ನಮ್ಮ ಅಡುಗೆಮನೆಗೆ ಅಂತಲೇ ಮಾಡಿಕೊಂಡದ್ದು. ಅರ್ಧ ಚಮಚ ಅರಿಶಿನವನ್ನು ಎರಡು ಚಮಚ ಬೆಚ್ಚಗಿನ ಎಣ್ಣೆಗೆ ಕಲಸಿ, ಒಂದು ದಿನ ಪೂರ್ತಿ ಒಣಗಿದ ಕಡ್ಡಿಯನ್ನು 15 ನಿಮಿಷ ಅದ್ದಿಟ್ಟು, ಪಾತ್ರೆ ಸೋಪಿನಲ್ಲಿ ತೊಳೆದು, ಅದ್ದದ ಕಡ್ಡಿಯ ಪಕ್ಕ ಇಟ್ಟು ನೋಡುತ್ತೇನೆ. ಕೆಂಪು, ಕಂದು, ನೀಲಿಗೆ ಏನೂ ಗೊತ್ತಾಗುವುದಿಲ್ಲ. ಬಿಳಿ ಕೆನೆ ಬಣ್ಣವಾಗುತ್ತದೆ, ತಿಳಿ ಗುಲಾಬಿ ಹಣ್ಣಾದ ಪಪ್ಪಾಯಿಯ ಕಡೆ ವಾಲುತ್ತದೆ, ಬೂದುನೀಲಿ ಹಸಿರಾಗುತ್ತದೆ. ಮ್ಯಾಟ್ ಟಾಪ್ ಕೋಟ್ ಹಚ್ಚಿದ್ದು ಎಲ್ಲಕ್ಕಿಂತ ಹೆಚ್ಚು ಹಿಡಿದುಕೊಳ್ಳುತ್ತದೆ, ಅದರ ಮೇಲ್ಮೈ ತರಿತರಿ. ಕಡ್ಡಿಯನ್ನು ಬಿಸಿಲಿಗಿಟ್ಟರೆ ಹಳದಿ ಬಹುಪಾಲು ಇಳಿಯುತ್ತದೆ, ಬಟ್ಟೆಗೆ ಬಿದ್ದ ಅರಿಶಿನ ಬಿಸಿಲಿಗೆ ಹೋಗುವ ಹಾಗೆ. ನಾಳೆ ಮದುವೆಗೆ ಅಂತ ತಿಳಿ ಬಣ್ಣ ಹಚ್ಚಿಕೊಂಡವರಿಗೆ ಈ ಸಾಲು ವಿಮರ್ಶೆಯ ಉಳಿದೆಲ್ಲ ಸಾಲಿಗಿಂತ ಉಪಯೋಗ.

ಬಣ್ಣವನ್ನು ಮಾತಿನಲ್ಲಿ ಹೇಳುವುದು ಕಷ್ಟದ ಭಾಗ. ಬಾಟಲಿಯ ಹೆಸರಿನಿಂದ ಏನೂ ತಿಳಿಯುವುದಿಲ್ಲ, ಫೋನ್ ಕ್ಯಾಮೆರಾ ನೇರಳೆಯನ್ನು ನೀಲಿ ಮಾಡುತ್ತದೆ. ಸೀರೆ ಅಂಗಡಿಯ ಮಾತೇ ಇಲ್ಲಿ ಕೈಹಿಡಿಯುತ್ತದೆ: ಗಿಳಿಹಸಿರು, ರಾಮಾ ಗ್ರೀನ್, ಈರುಳ್ಳಿ ಸಿಪ್ಪೆ, ಬದನೆಕಾಯಿ, ಇಟ್ಟಿಗೆ, ನವಿಲುಕಂಠ. ‘ಈರುಳ್ಳಿ ಸಿಪ್ಪೆಗಿಂತ ಒಂದು ಎಳೆ ಕಂದು’ ಎಂದರೆ ಓದುವವರ ಕಣ್ಣಿಗೆ ಕಟ್ಟುತ್ತದೆ. ಬಿಳಿಯ ಟೈಟೇನಿಯಂ ಡೈಆಕ್ಸೈಡ್ ಹೆಚ್ಚಿರುವ ತಿಳಿ ಬಣ್ಣಗಳು ಕಂದು ಮೈಬಣ್ಣದ ಕೈಯಲ್ಲಿ ಸುಣ್ಣ ಬಳಿದಂತೆ ಕಾಣುವುದುಂಟು, ಅದನ್ನು ಮುಚ್ಚಿಡದೆ ಬರೆಯಬೇಕು. ಫೋಟೊದಲ್ಲಿ ಬಿಳಿ ಕಾಗದ ಪಕ್ಕದಲ್ಲಿರಲಿ, ನೇರ ಬಿಸಿಲಿಲ್ಲದ ಕಿಟಕಿ ಬೆಳಕಿರಲಿ. ಕಾಮನಬಿಲ್ಲಿನಂತೆ ಮಿನುಗುವ ಹೋಲೊ ಬಣ್ಣಕ್ಕೆ ಮಾತ್ರ ನೇರ ಬಿಸಿಲೇ ಬೇಕು, ಟ್ಯೂಬ್‌ಲೈಟಿನಲ್ಲಿ ಅದು ಬರೀ ಬೂದು.

ಲೇಬಲ್ಲಿನಲ್ಲಿ ‘3-ಫ್ರೀ’ ಎಂದರೆ ಡೈಬ್ಯುಟೈಲ್ ಥ್ಯಾಲೇಟ್, ಟಾಲ್ಯುಯೀನ್, ಫಾರ್ಮಾಲ್ಡಿಹೈಡ್ ಮೂರೂ ಇಲ್ಲ ಎಂದು. ಅದಕ್ಕಿಂತ ದೊಡ್ಡ ಸಂಖ್ಯೆಗಳ ಪಟ್ಟಿ ಒಂದೊಂದು ಕಂಪನಿಗೆ ಒಂದೊಂದು ಥರ, ಹಾಗಾಗಿ ಸಂಖ್ಯೆ ಬಿಟ್ಟು ಘಟಕಗಳನ್ನೇ ಓದುತ್ತೇನೆ. ಮುತ್ತಿನ ಹೊಳಪಿನ ಬಣ್ಣದಲ್ಲಿ ಸಿಐ 75170 ಎಂಬ ಬಣ್ಣದ ಸಂಖ್ಯೆ ಇದ್ದರೆ ಅದು ಗ್ವಾನಿನ್, ಮೀನಿನ ಹುರುಪೆಯಿಂದ ತೆಗೆದದ್ದೂ ಇರುತ್ತದೆ. ಸಸ್ಯಾಹಾರಿ ಮನೆಯವರಿಗೆ ತಿಳಿಸುವುದು ಒಳ್ಳೆಯದು. ಜೆಲ್ ಪಾಲಿಶ್ ನನ್ನ ಪರೀಕ್ಷೆಯಲ್ಲಿ ಇಲ್ಲ. ಅದನ್ನು ಯುವಿ ದೀಪದಡಿ ಗಟ್ಟಿ ಮಾಡುತ್ತಾರೆ; ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಗುಲಿದರೆ ಅದರಲ್ಲಿನ ಹೇಮಾ (HEMA) ಎಂಬ ರಾಸಾಯನಿಕದಿಂದ ಅಲರ್ಜಿ ಶುರುವಾಗಬಹುದು, ಒಮ್ಮೆ ಶುರುವಾದರೆ ಬಿಡುವುದಿಲ್ಲ. ಜೆಲ್ ದೀಪದಡಿ ಗಟ್ಟಿಯಾಗಲೆಂದು ಬಳಸುತ್ತಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ.

ಲಿಪ್‌ಸ್ಟಿಕ್‌ಗೂ ಇದೇ ನ್ಯಾಯ. ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದು ಅಂಚು ನೋಡುವುದು ಮೊದಲ ಪರೀಕ್ಷೆ, ಬೆಣ್ಣೆ ದೋಸೆ ಎರಡನೆಯದು. ನೀರಿಗೆ ಜಗ್ಗದ ಲಿಕ್ವಿಡ್ ಮ್ಯಾಟ್ ಎಣ್ಣೆ ಬೆಣ್ಣೆಗೆ ತುಟಿಯ ನಡುವಿನಿಂದ ಬಿಡುತ್ತದೆ. ಅಂಚು ಉಳಿದು ನಡು ಹೋದರೆ ಮೇಲೆ ಮತ್ತೆ ಹಚ್ಚಿದಾಗ ಪದರ ಕಟ್ಟುತ್ತದೋ ಇಲ್ಲವೋ ಅದನ್ನೂ ಬರೆಯಿರಿ.

ಬಾಟಲಿಯನ್ನು ಆರು ತಿಂಗಳಿಗೆ ಮತ್ತೊಮ್ಮೆ ತೆರೆದು ನೋಡುತ್ತೇನೆ. ಮುಚ್ಚಳ ಹಾಕುವ ಮುಂಚೆ ಕತ್ತನ್ನು ಒರೆಸದೆ ಬಿಟ್ಟ ಬಾಟಲಿ ಅಷ್ಟರಲ್ಲಿ ಜೇನಿನಂತಾಗಿರುತ್ತದೆ. ಇದಕ್ಕೆ ರಿಮೂವರ್ ಸುರಿಯಬಾರದು, ಅದರ ನೀರು ಮತ್ತು ಎಣ್ಣೆ ಪೊರೆಯನ್ನೇ ಕೆಡಿಸುತ್ತವೆ. ಈಥೈಲ್, ಬ್ಯುಟೈಲ್ ಅಸಿಟೇಟ್ ಇರುವ ಪಾಲಿಶ್ ಥಿನ್ನರ್ ಎರಡು ಮೂರು ಹನಿ ಬಿಟ್ಟು, ಹೊರಳಿಸಿ, ಹತ್ತು ನಿಮಿಷ ಇಟ್ಟು, ಮತ್ತೆ ಪತ್ರಿಕೆ ಮೇಲಿನ ಗಾಜಿಗೆ ಮೂರು ಪಟ್ಟಿ ಎಳೆಯುವುದು. ಮೊದಲು ಎರಡು ಕೋಟ್‌ಗೆ ಮುಚ್ಚುತ್ತಿದ್ದದ್ದು ಈಗ ಮೂರು ಕೇಳಿದರೆ ಥಿನ್ನರ್ ಹೆಚ್ಚಾಗಿದೆ; ಮುಚ್ಚಳ ಬಿಗಿಮಾಡುವ ಮುಂಚೆ ಸ್ವಲ್ಪ ಹೊತ್ತು ತೆರೆದಿಟ್ಟರೆ ಹೆಚ್ಚಿನದು ಆರಿಹೋಗುತ್ತದೆ.