ಮೆಸೇಜ್ ಇವತ್ತಿನದಾ, ನಿನ್ನೆಯದಾ?

ನೆರೆ ಬಂದ ಆ ವಾರ ನಾನು ಕಂಟ್ರೋಲ್ ರೂಮಿನಲ್ಲಿ ಕೂತು ಸೋಶಿಯಲ್ ಮೀಡಿಯಾ ನೋಡುತ್ತಿದ್ದೆ. ಯಾರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಪತ್ತೆ ಮಾಡಿ ದೋಣಿಯವರಿಗೆ ತಿಳಿಸಬೇಕಿತ್ತು.

'ಪ್ರವಾಹ' ಅಂತ ಹುಡುಕಿದರೆ ಬರೀ ಸುದ್ದಿ, ಪ್ರಾರ್ಥನೆ. ನೀರಿನ ಮಧ್ಯೆ ಇರುವವರು ಆ ಪದ ಬರೆಯುವುದಿಲ್ಲ, ಅಲ್ವಾ? 'ಮೆಟ್ಟಿಲವರೆಗೂ ನೀರು ಬಂತು', 'ಚಾರ್ಜ್ 8 ಪರ್ಸೆಂಟ್ ಇದೆ', 'ಅಮ್ಮಂಗೆ ನಡೆಯೋಕಾಗಲ್ಲ' ಅಂತ ಬರೆಯುತ್ತಾರೆ. ಇಂಥ ಮಾತು ಹಾಕಿ ಹುಡುಕಿದ ಮೇಲೆ ಒಂದೊಂದೇ ಕರೆ ಕಣ್ಣಿಗೆ ಬಿತ್ತು.

ಕಷ್ಟ ಇದ್ದದ್ದು ಹಳೇ ಮೆಸೇಜುಗಳಲ್ಲಿ. ಎರಡನೇ ರಾತ್ರಿ 'ಮಹಡಿ ಮೇಲೆ ನಾಲ್ವರಿದ್ದೇವೆ, ಬೇಗ ಬನ್ನಿ' ಅನ್ನೋದು 11 ಕಡೆಯಿಂದ ಬಂತು. ದೋಣಿ ಕಳಿಸಿದೆವು. ಮನೆ ಖಾಲಿ. ಹಿಂದಿನ ದಿನವೇ ಅವರನ್ನು ಕರೆದುಕೊಂಡು ಹೋಗಿದ್ದರು. ಮೆಸೇಜಿನಲ್ಲಿ ದಿನಾಂಕವೇ ಇರಲಿಲ್ಲ. ಫಾರ್ವರ್ಡ್ ಆಗಿ ಬಂದಾಗ ವಾಟ್ಸಾಪ್ ತೋರಿಸುವುದು ನಮಗೆ ತಲುಪಿದ ಹೊತ್ತನ್ನು, ಮೊದಲು ಬರೆದ ಹೊತ್ತನ್ನಲ್ಲ. ಆ ದೋಣಿ ಬೇರೆ ಮನೆಗೆ ಹೋಗಬೇಕಿತ್ತು. ಅದು ನನ್ನನ್ನು ಇನ್ನೂ ಕಾಡುತ್ತದೆ.

ಅವತ್ತಿನಿಂದ ಮೊದಲು ಫೋನ್, ಆಮೇಲೆ ದೋಣಿ. ಎಷ್ಟು ಜನ, ಎಷ್ಟನೇ ಮಹಡಿ, ನೀರು ಎಲ್ಲಿವರೆಗೆ, ಕೊನೇ ಸಲ ಮಾತಾಡಿದ್ದು ಎಷ್ಟು ಹೊತ್ತಿಗೆ: ಇಷ್ಟನ್ನು ಶೀಟಿನಲ್ಲಿ ಬರೆಯುತ್ತಿದ್ದೆ. ಸ್ವಿಚ್ ಆಫ್ ಬಂದರೆ ಬಿಡುತ್ತಿರಲಿಲ್ಲ, ಬ್ಯಾಟರಿ ಮುಗಿದಿರಬಹುದು. ಕಳಿಸಿದವರನ್ನು, ಅವರಿಗೆ ಕಳಿಸಿದವರನ್ನು ಕೇಳುತ್ತಾ ಹಿಂದಕ್ಕೆ ಹೋಗುತ್ತಿದ್ದೆ. ಲೊಕೇಶನ್ ಪಿನ್ ಕೂಡ ಸುಮ್ನೆ ನಂಬುವ ಹಾಗಿಲ್ಲ. ಎಷ್ಟೋ ಸಲ ಅದು ದೂರದ ಊರಲ್ಲಿ ಗಾಬರಿಯಲ್ಲಿರುವ ಮಗನ ಮನೆಯದು.

2010ರ ಹೈಟಿ ಭೂಕಂಪದಲ್ಲಿ ಸ್ವಯಂಸೇವಕರು ಎಸ್ಸೆಮ್ಮೆಸ್, ಟ್ವೀಟ್ ಓದಿ ಉಶಾಹಿಡಿ ಅನ್ನೋ ಆನ್‌ಲೈನ್ ನಕ್ಷೆಯಲ್ಲಿ ಗುರುತು ಹಾಕಿದ್ದರು. ನಾವೂ ಒಂದು ನಕ್ಷೆ ತೆರೆದೆವು. ಒಂದೇ ಬೀದಿಯಲ್ಲಿ ಮೂರು ಗುರುತು ಕಂಡರೆ ಒಂದೇ ದೋಣಿ ಸಾಕಾಗುತ್ತಿತ್ತು.

ಜಾಸ್ತಿ ಜನ ಮಾಡದ ಕೆಲಸ ಇನ್ನೊಂದಿದೆ. ಜನ ಸುರಕ್ಷಿತ ಜಾಗ ಸೇರಿದ ತಕ್ಷಣ ಆ ಪೋಸ್ಟಿನ ಕೆಳಗೇ ಹೊತ್ತು ಹಾಕಿ ಬರೆಯುತ್ತಿದ್ದೆ: 'ಇವರನ್ನು ಕರೆತಂದಾಯಿತು, ದಯವಿಟ್ಟು ಮುಂದೆ ಕಳಿಸಬೇಡಿ.' ಮೊದಲು ಬರೆದವರು ಸಿಕ್ಕರೆ ಪೋಸ್ಟ್ ಅಳಿಸಲು ಕೇಳುತ್ತಿದ್ದೆ.

ನಾಲ್ಕನೇ ದಿನ ಅದೇ 'ಮಹಡಿ ಮೇಲೆ ನಾಲ್ವರು' ಮತ್ತೆ ಬಂತು. ಈ ಸಲ ಯಾರೋ ಅದರ ಜೊತೆಗೇ ನಮ್ಮ ಉತ್ತರದ ಸ್ಕ್ರೀನ್‌ಶಾಟ್ ಹಾಕಿದ್ದರು.